ಸುಂಡಿಲಿಯ ಶ್ವಾಸಕೋಶಕ್ಕೆ ಔಷಧಿ: ಮೂಗಿನಿಂದಲೋ, ನಳಿಕೆಯಿಂದಲೋ?

ಸಿರಿಂಜಿನಲ್ಲಿ ಎಷ್ಟು ಎಳೆದಿರಿ ಅನ್ನೋದು ಒಂದು ಲೆಕ್ಕ. ಶ್ವಾಸಕೋಶಕ್ಕೆ ಎಷ್ಟು ಮುಟ್ಟಿತು ಅನ್ನೋದು ಬೇರೆಯೇ ಲೆಕ್ಕ. ಅದಕ್ಕೇ ಕಾರವಾರದ ನಮ್ಮ ಲ್ಯಾಬಿನಲ್ಲಿ ವಿಧಾನಗಳನ್ನು ಹೋಲಿಸುವಾಗ ಮೊದಲು ಔಷಧಿ ಬದಿಗಿಟ್ಟು ಇವಾನ್ಸ್ ಬ್ಲೂ ಬಣ್ಣ ಕೊಟ್ಟೆ. ಆಮೇಲೆ ಕೊಯ್ದು ನೋಡಿದರೆ ನೀಲಿ ಎಲ್ಲಿದೆ ಅಂತ ಕಣ್ಣಿಗೇ ಕಾಣುತ್ತದೆ.

ಮೂಗಿಗೆ ಹನಿ ಹಾಕುವುದು ಎಲ್ಲಕ್ಕಿಂತ ಸುಲಭ. ಸುಂಡಿಲಿ ಉಸಿರಾಡುವುದೇ ಮೂಗಿನಿಂದ, ಅಲ್ಲಿಟ್ಟ ಹನಿಯನ್ನು ಎಳೆದುಕೊಳ್ಳಲೇಬೇಕು. ಆದರೆ 10 ಮೈಕ್ರೋಲೀಟರ್ ಕೊಟ್ಟರೆ ಬಹುಪಾಲು ಮೂಗಿನಲ್ಲೇ ಉಳಿಯುತ್ತದೆ. ಅರಿವಳಿಕೆ ಕೊಟ್ಟು 50ಕ್ಕೆ ಏರಿಸಿದರೆ ಕೆಳಗೆ ಇಳಿಯುತ್ತದೆ, ಒಂದಿಷ್ಟು ಅನ್ನನಾಳಕ್ಕೂ ಜಾರುತ್ತದೆ. ಅಂಕೋಲಾದಿಂದ ಬರುವ ಜೂನಿಯರ್ ಹುಡುಗಿ ಜಠರ ಬಿಡಿಸಿ, "ಅಕ್ಕಾ, ಹೊಟ್ಟೇಲೂ ನೀಲಿನೇ!" ಅಂದಳು. ಡೋಸ್ ಹೋಲಿಸುವ ಕೆಲಸಕ್ಕೆ ಇದನ್ನು ನಾನು ನಂಬುವುದಿಲ್ಲ.

ನನಗೆ ಹಿಡಿಸಿದ್ದು ಶ್ವಾಸನಾಳಕ್ಕೆ ನೇರ ನಳಿಕೆ. ಕಷ್ಟ ಇರುವುದೂ ಇಲ್ಲೇ. ಅರಿವಳಿಕೆ ಕೊಟ್ಟ ಸುಂಡಿಲಿಯ ಮೇಲಿನ ಬಾಚಿಹಲ್ಲಿಗೆ ದಾರ ಸಿಕ್ಕಿಸಿ ಓರೆಯಾದ ಹಲಗೆಗೆ ಮಲಗಿಸಬೇಕು. ನಾಲಿಗೆ ಮೆಲ್ಲಗೆ ಪಕ್ಕಕ್ಕೆಳೆದು, ಕತ್ತಿನ ಮೇಲೆ ಹೊರಗಿನಿಂದ ಬೆಳಕು ಬಿಟ್ಟರೆ ಗಂಟಲೊಳಗೆ ಸಣ್ಣ ಬೆಳಕಿನ ಚುಕ್ಕೆಯೊಂದು ಉಸಿರಿಗೆ ತಕ್ಕಂತೆ ತೆರೆದು ಮುಚ್ಚುತ್ತದೆ. ತೆರೆದಾಗಲೇ ಕ್ಯಾನುಲಾ, ಅಂದರೆ ಆ ಸಪೂರ ನಳಿಕೆಯನ್ನು, ತೂರಿಸಬೇಕು. ಸರಿಯಾದ ದಾರಿಗೇ ಹೋಯಿತಾ? ನಳಿಕೆಗೆ ಒಂದು ಹನಿ ನೀರು ಬಿಟ್ಟು ನೋಡಿ. ಉಸಿರಿನ ಜೊತೆ ಹನಿ ಮೇಲೆ ಕೆಳಗೆ ಆಡಿದರೆ ಶ್ವಾಸನಾಳ, ಸುಮ್ನೆ ನಿಂತರೆ ಅನ್ನನಾಳ. ದ್ರವದ ಹಿಂದೆಯೇ ಸ್ವಲ್ಪ ಗಾಳಿ ತಳ್ಳಿದರೆ ನಳಿಕೆಯಲ್ಲಿ ಏನೂ ಉಳಿಯುವುದಿಲ್ಲ. ಇಷ್ಟಾದರೂ ನೀಲಿ ಅಲ್ಲಲ್ಲಿ ಮಚ್ಚೆಮಚ್ಚೆ. ತುದಿಯಲ್ಲಿ ತುಂತುರಾಗಿಸುವ ಸಾಧನ ಇದ್ದರೆ ಹರಡುವುದು ಎಷ್ಟೋ ವಾಸಿ.

ಒಣ ಪುಡಿಯನ್ನೂ ಇದೇ ದಾರಿಯಲ್ಲಿ ಊದಬಹುದು. ಆದರೆ ಕಾರವಾರದ ಜುಲೈ ಗೊತ್ತಲ್ವಾ? ತೇವ ಎಳೆಯುವ ಪುಡಿ ಮಳೆಗಾಲದ ಉಪ್ಪಿನ ಹಾಗೆ ಅಂಟಿ ಕೂರುತ್ತದೆ. ಸಿಲಿಕಾ ಜೆಲ್ ಡಬ್ಬಿಯಲ್ಲಿಟ್ಟು, ಊದುವ ಹೊತ್ತಿಗಷ್ಟೇ ತೆಗೆಯಬೇಕು. ಊದುವ ಮೊದಲು, ಆಮೇಲೆ ಸಾಧನವನ್ನು ತೂಗಿದರೆ ಎಷ್ಟು ಪುಡಿ ಹೊರಬಿತ್ತು ಅನ್ನೋದು ಸಿಗುತ್ತದೆ.

ಮೂಗಷ್ಟೇ ಒಡ್ಡಿ ಏರೋಸಾಲ್ (ಗಾಳಿಯಲ್ಲಿ ತೇಲುವ ಔಷಧಿಯ ಸಣ್ಣ ಕಣಗಳು) ಉಸಿರಾಡಿಸುವ ಯಂತ್ರ ನಮ್ಮಲ್ಲಿಲ್ಲ, ಬೇರೆ ಕಡೆ ನೋಡಿದ್ದೇನೆ. ರೋಗಿ ಇನ್‌ಹೇಲರ್ ಎಳೆಯುವುದಕ್ಕೆ ಅದೇ ಹತ್ತಿರ. ಔಷಧಿ ಮಾತ್ರ ಜಾಸ್ತಿ ಪೋಲು, ಕೊಳವೆಯಲ್ಲಿ ಸಿಕ್ಕಿಬಿದ್ದ ಪ್ರಾಣಿಗೂ ಹಿಂಸೆ. ಇಡೀ ಪೆಟ್ಟಿಗೆಗೇ ಮಂಜು ತುಂಬಿಸಿದರೆ ಕೂದಲಿಗೆ ಹತ್ತಿದ್ದನ್ನು ನೆಕ್ಕಿ ನುಂಗುತ್ತವೆ. ಆರಂಭದ ಪರೀಕ್ಷೆಗೆ ನಳಿಕೆ ಸಾಕು. ಉಸಿರಾಟದಿಂದಾಗುವ ವಿಷದ ಪರಿಣಾಮ ನೋಡಬೇಕೆಂದರೆ ಏರೋಸಾಲೇ ಬೇಕು, ನಳಿಕೆ ಮೂಗನ್ನು ದಾಟಿಸಿಬಿಡುತ್ತದಲ್ಲ.

ಯಾವ ವಿಧಾನವೇ ಇರಲಿ, ಔಷಧಿ ಇಲ್ಲದ ಬರೀ ದ್ರಾವಣವನ್ನು ಅದೇ ರೀತಿ ಕೊಟ್ಟ ಒಂದು ಗುಂಪು ಇರಲಿ. ದ್ರವ ಸುರಿದಿದ್ದಕ್ಕೇ ಶ್ವಾಸಕೋಶ ಕೆರಳುವುದುಂಟು. ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಮೊದಲೇ ಬೇಕು. ಕೈ ಪಳಗಲು ಬೇರೆ ಪ್ರಯೋಗ ಮುಗಿದು ಸತ್ತ ಸುಂಡಿಲಿಗಳನ್ನೇ ಕೇಳಿ ಪಡೆಯಿರಿ.