ಗ್ಯಾಸ್ ಯುಟಿಲಿಟಿಯಲ್ಲಿ ರೆಗ್ಯುಲೇಟರಿ ಅಕೌಂಟಿಂಗ್: ಹೊಸದಾಗಿ ಸೇರುವವರಿಗೆ

ಅಮೆರಿಕದಲ್ಲಿ ಅಕೌಂಟಿಂಗ್ ಕೆಲಸ ಹುಡುಕುವ ನಮ್ಮವರ ಕಣ್ಣಿಗೆ ಮೊದಲು ಬೀಳುವುದು ಬ್ಯಾಂಕು, ಟೆಕ್ ಕಂಪನಿ, ಆಡಿಟ್ ಫರ್ಮು. ಮನೆಮನೆಗೆ ಪೈಪಿನಲ್ಲಿ ಗ್ಯಾಸ್ ಕೊಡುವ ಯುಟಿಲಿಟಿಗಳಲ್ಲೂ ಒಳ್ಳೆಯ ಕೆಲಸಗಳಿವೆ. ಆದರೆ ಸಿಎ, ಸಿಪಿಎ ಮಾಡಿದವರಿಗೂ ಇಲ್ಲಿ ಮೊದಲು ಸ್ವಲ್ಪ ತಲೆ ಕೆಡುತ್ತದೆ. ಒಂದು ಖರ್ಚು ಬಂದರೆ ಇಲ್ಲಿ ಕೇಳುವ ಪ್ರಶ್ನೆಯೇ ಬೇರೆ: ಇದನ್ನು ಕಟ್ಟುವವರು ಗ್ರಾಹಕರೋ ಷೇರುದಾರರೋ, ಯಾವಾಗ, ಮತ್ತೆ ಹಾಗಂತ ಹೇಳುವ ಆರ್ಡರ್ ಎಲ್ಲಿದೆ?

ಹಾಗಾಗಿ ಸೇರಿದ ಮೊದಲ ವಾರ ಎಕ್ಸೆಲ್ ತೆಗೆಯುವ ಮುಂಚೆ ನಿಮ್ಮ ಕಂಪನಿಯ ಕೊನೆಯ ರೇಟ್ ಕೇಸಿನ (ಅಂದರೆ ಗ್ರಾಹಕರ ದರ ನಿಗದಿಗೆ ಸರ್ಕಾರಿ ಕಮಿಷನ್ ಮುಂದೆ ನಡೆಯುವ ವಿಚಾರಣೆಯ) ಆರ್ಡರ್ ಓದಿ. ಪೂರ್ತಿ ಓದಿ. ರಾಜ್ಯದಿಂದ ರಾಜ್ಯಕ್ಕೆ ಹೋಗುವ ಪೈಪ್‌ಲೈನ್‌ಗಳು ಫೆಡರಲ್ ಎನರ್ಜಿ ರೆಗ್ಯುಲೇಟರಿ ಕಮಿಷನ್, ಅಂದರೆ ಫರ್ಕ್ ಕೈಯಲ್ಲಿವೆ. ಊರೊಳಗೆ ಗ್ಯಾಸ್ ಹಂಚುವ ಕಂಪನಿಯ ದರ ನಿಗದಿ ಮಾಡುವುದು ಆಯಾ ರಾಜ್ಯದ ಕಮಿಷನ್. (ಟೆಕ್ಸಾಸ್‌ನಲ್ಲಿ ಈ ಕೆಲಸ ರೈಲ್‌ರೋಡ್ ಕಮಿಷನ್‌ದು. ಹೆಸರಿನಲ್ಲಿ ರೈಲು ಇದೆ, ಈಗ ರೈಲಿಗೂ ಅದಕ್ಕೂ ಸಂಬಂಧವೇ ಇಲ್ಲ.) ಖಾತೆಗಳ ನಂಬರುಗಳು ಮಾತ್ರ ಹೆಚ್ಚುಕಮ್ಮಿ ಎಲ್ಲ ಕಡೆ ಫರ್ಕ್‌ನವೇ: ಫೆಡರಲ್ ನಿಯಮಾವಳಿಯ ಟೈಟಲ್ 18, ಪಾರ್ಟ್ 201. ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಎಲ್ಲಾ ಬಾಯಿಪಾಠ ಬೇಡ, ಆದರೆ 101 (ಬಳಕೆಯಲ್ಲಿರುವ ಪೈಪು, ಮೀಟರು ಇತ್ಯಾದಿ), 107 (ಇನ್ನೂ ನಡೆಯುತ್ತಿರುವ ಕಾಮಗಾರಿ), 108 (ಸವಕಳಿ), 182.3 (ರೆಗ್ಯುಲೇಟರಿ ಆಸ್ತಿ, ಅಂದರೆ ಮುಂದೆ ದರದಲ್ಲಿ ವಸೂಲಾಗುವ ಖರ್ಚು), 191 (ಇನ್ನೂ ವಸೂಲಾಗದ ಗ್ಯಾಸ್ ಖರೀದಿ ವೆಚ್ಚ), 254 (ರೆಗ್ಯುಲೇಟರಿ ಹೊಣೆಗಾರಿಕೆ), 282 (ಮುಂದೂಡಿದ ತೆರಿಗೆ) ಇಷ್ಟು ನಿದ್ದೆಯಲ್ಲಿ ಕೇಳಿದರೂ ಹೇಳುವ ಹಾಗಿರಬೇಕು.

ಕಂಪನಿಗೆ ಲಾಭ ಎಲ್ಲಿಂದ ಬರುತ್ತದೆ ಅನ್ನುವುದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಗ್ಯಾಸ್ ಮಾರಿದ್ದಕ್ಕೆ ಸಾಮಾನ್ಯವಾಗಿ ಲಾಭ ಇಲ್ಲ, ಕೊಂಡ ಬೆಲೆಗೇ ಗ್ರಾಹಕರಿಗೆ ಹೋಗುತ್ತದೆ. ಲಾಭ ಬರುವುದು ರೇಟ್ ಬೇಸ್ ಮೇಲೆ. ಅಂದರೆ ನೆಲದಡಿಯ ಪೈಪು, ಮೀಟರು ಇತ್ಯಾದಿಗೆ ಹಾಕಿದ ಬಂಡವಾಳದಲ್ಲಿ ಸವಕಳಿ, ಮುಂದೂಡಿದ ತೆರಿಗೆ ಇವನ್ನೆಲ್ಲ ಕಳೆದು ಉಳಿದದ್ದರ ಮೇಲೆ ಕಮಿಷನ್ ಒಪ್ಪಿದಷ್ಟು ರಿಟರ್ನ್.

ನಿಮ್ಮ ತಿಂಗಳ ಕೆಲಸದಲ್ಲಿ ಜಾಸ್ತಿ ಹೊತ್ತು ತಿನ್ನುವುದು ಪಿಜಿಎ, ಅಂದರೆ ಗ್ಯಾಸ್ ಖರೀದಿ ವೆಚ್ಚದ ಹೊಂದಾಣಿಕೆ. ಬೆಸ್ಕಾಂ ಬಿಲ್ಲಿನಲ್ಲಿ ಇಂಧನ ಹೊಂದಾಣಿಕೆ ಶುಲ್ಕ ಅಂತ ಒಂದು ಸಾಲು ಬರುತ್ತದಲ್ಲ, ಅದೇ ಜಾತಿಯದ್ದು. ಉದಾಹರಣೆಗೆ, ಡೆಕಾಥರ್ಮ್‌ಗೆ (ಗ್ಯಾಸಿನ ಶಾಖದ ಅಳತೆ, 10 ಥರ್ಮ್) 5 ಡಾಲರ್ ಆಗಬಹುದು ಅಂತ ಅಂದಾಜು ಮಾಡಿ ಅದೇ ದರದಲ್ಲಿ 1,00,000 ಡೆಕಾಥರ್ಮ್ ಬಿಲ್ ಮಾಡಿದಿರಿ ಅಂದುಕೊಳ್ಳಿ. ಕೈಗೆ ಬರುವುದು 5,00,000 ಡಾಲರ್. ನಿಜವಾದ ವೆಚ್ಚ 5.80 ಆಯಿತು. ಕಮ್ಮಿ ಬಿದ್ದ 80,000 ಡಾಲರ್ ನಷ್ಟ ಅಲ್ಲ. ಅದನ್ನು 191ಕ್ಕೆ ಡೆಬಿಟ್, 805.1ಕ್ಕೆ (ಗ್ಯಾಸ್ ಖರೀದಿ ವೆಚ್ಚ ಹೊಂದಾಣಿಕೆಯ ಖಾತೆ) ಕ್ರೆಡಿಟ್ ಮಾಡಿ ಇಟ್ಟುಕೊಳ್ಳುತ್ತೀರಿ, ಮುಂದಿನ ದರದಲ್ಲಿ ವಸೂಲಾಗುತ್ತದೆ. ಜಾಸ್ತಿ ವಸೂಲಿ ಮಾಡಿದ್ದರೆ ಇದೇ ಉಲ್ಟಾ. ಹೇಳುವುದಕ್ಕೆ ಸುಲಭ, ಅಲ್ವಾ? ಕಷ್ಟ ಇರುವುದು ಯೂನಿಟ್‌ಗಳಲ್ಲಿ ಮತ್ತು ತಾರೀಖುಗಳಲ್ಲಿ. ಪೈಪ್‌ಲೈನ್ ಕಂಪನಿ ಡೆಕಾಥರ್ಮ್‌ನಲ್ಲಿ ಇನ್‌ವಾಯ್ಸ್ ಕಳಿಸುತ್ತದೆ, ನಿಮ್ಮ ಬಿಲ್ಲಿಂಗ್ ಥರ್ಮ್‌ನಲ್ಲಿ ಇರಬಹುದು, ಮೀಟರು ಓದುವುದು ಘನ ಅಡಿಯಲ್ಲಿ. ಮೀಟರ್ ಓದುವವರು ತಿಂಗಳಿಡೀ ಒಂದೊಂದು ಏರಿಯಾಕ್ಕೆ ಒಂದೊಂದು ದಿನ ಹೋಗುವುದರಿಂದ ತಿಂಗಳ ಕೊನೆಗೆ ಬಳಸಿದ್ದರೂ ಬಿಲ್ ಆಗದ ಗ್ಯಾಸ್ ಒಂದಷ್ಟು ಇದ್ದೇ ಇರುತ್ತದೆ, ಅದನ್ನು ಅಂದಾಜಿನ ಮೇಲೆ ಹಾಕಿ ಮುಂದಿನ ತಿಂಗಳು ಸರಿ ಮಾಡಬೇಕು. ಪ್ರತಿ ತಿಂಗಳೂ ಮೊದಲು ಪ್ರಮಾಣ ತಾಳೆ ನೋಡಿ, ಆಮೇಲೆ ಡಾಲರ್. ಪ್ರಮಾಣ ತಾಳೆಯಾಗದೆ ಡಾಲರ್ ತಾಳೆಯಾದರೆ ಖುಷಿಪಡಬೇಡಿ, ಎಲ್ಲೋ ಎರಡು ತಪ್ಪು ಒಂದನ್ನೊಂದು ಮುಚ್ಚಿವೆ.

ಈ ಖಾತೆ ಎಷ್ಟು ದೊಡ್ಡದಾಗಬಹುದು ಅನ್ನುವುದಕ್ಕೆ 2021ರ ಫೆಬ್ರವರಿಯ ಯೂರಿ ಹಿಮಗಾಳಿ ಸಾಕು. ಕೆಲವು ಕಡೆ ಕೆಲವೇ ಡಾಲರ್ ಇದ್ದ ಗ್ಯಾಸ್ ದರ ದಿನಗಳಲ್ಲೇ ನೂರಾರು ಡಾಲರ್‌ಗೆ ಹೋಯಿತು. ಅಷ್ಟನ್ನೂ ಮಾಮೂಲಿ ಪಿಜಿಎಯಲ್ಲಿ ಹಾಕಿದರೆ ಗ್ರಾಹಕರ ಕಥೆ ಮುಗಿಯಿತು. ಅದಕ್ಕೇ ಟೆಕ್ಸಾಸ್, ಒಕ್ಲಹೋಮಾ, ಕಾನ್ಸಾಸ್‌ನಲ್ಲಿ ಬಾಂಡ್ ಹೊರಡಿಸಿ ಹಲವು ವರ್ಷಕ್ಕೆ ಹಂಚಿದರು.

182.3ರಲ್ಲಿ ಬರುವ ಉಳಿದ ರೆಗ್ಯುಲೇಟರಿ ಆಸ್ತಿಗಳಿಗೆ ಎಎಸ್‌ಸಿ 980 (ದರ ನಿಯಂತ್ರಣದಲ್ಲಿರುವ ಕಂಪನಿಗಳಿಗೆ ಇರುವ ಅಮೆರಿಕದ ಅಕೌಂಟಿಂಗ್ ನಿಯಮ) ಹೇಳುವುದು ಇಷ್ಟೇ: ಮುಂದೆ ದರದ ಮೂಲಕ ವಾಪಸ್ ಬರುವ ಸಾಧ್ಯತೆ ಬಲವಾಗಿರಬೇಕು. "ಹಿಂದೆಯೂ ಕೊಟ್ಟಿದ್ದಾರೆ, ಈ ಸಲವೂ ಕೊಡುತ್ತಾರೆ ಬಿಡಿ" ಅಂತ ಮ್ಯಾನೇಜರ್ ಹೇಳಿದರೆ ಅದನ್ನು ಫೈಲಿನಲ್ಲಿ ಬರೆದಿಡಿ, ಆದರೆ ಅದರ ಜೊತೆ ಆರ್ಡರ್ ನಂಬರೂ ಬೇಕು, ಪುಟವೂ ಬೇಕು. ಇನ್ನೊಂದು ಸೂಕ್ಷ್ಮ ಇದೆ. ಬಾಕಿ ಮೊತ್ತದ ಮೇಲೆ ಪೂರ್ತಿ ರಿಟರ್ನ್ ತೆಗೆದುಕೊಳ್ಳಿ ಅಂತ ಕಮಿಷನ್ ಹೇಳಿದರೂ, ಷೇರುದಾರರ ಪಾಲಿನ ರಿಟರ್ನನ್ನು ಗ್ಯಾಪ್ (ಅಮೆರಿಕದ ಸಾಮಾನ್ಯ ಅಕೌಂಟಿಂಗ್ ನಿಯಮಗಳು) ಪ್ರಕಾರ ಮೊದಲೇ ಆಸ್ತಿಯಾಗಿ ತೋರಿಸುವ ಹಾಗಿಲ್ಲ, ಸಾಲದ ಪಾಲಿನದ್ದು ಮಾತ್ರ. ಹಾಗಾಗಿ ಕಮಿಷನ್‌ಗೆ ಒಂದು, ಗ್ಯಾಪ್‌ಗೆ ಒಂದು ಅಂತ ಎರಡು ಶೆಡ್ಯೂಲ್ ಇಡಬೇಕಾಗುತ್ತದೆ. ಹಳೆ ಪೈಪ್ ತೆಗೆಯುವ ವೆಚ್ಚಕ್ಕೆ ಗ್ರಾಹಕರಿಂದ ಮೊದಲೇ ಪಡೆದ ದುಡ್ಡಿನದ್ದೂ ಇದೇ ತಕರಾರು: ಫರ್ಕ್ ಲೆಕ್ಕದಲ್ಲಿ 108ರೊಳಗೆ, ಗ್ಯಾಪ್ ಲೆಕ್ಕದಲ್ಲಿ ಹೊಣೆಗಾರಿಕೆ.

ಸಣ್ಣ ಖರ್ಚುಗಳನ್ನು ಸುಮ್ನೆ ಬಿಡಬೇಡಿ. ದೇಣಿಗೆ 426.1ಕ್ಕೆ, ಲಾಬಿ ಖರ್ಚು 426.4ಕ್ಕೆ ಹೋಗಬೇಕು. ಇವು ಸಾಮಾನ್ಯವಾಗಿ ಗ್ರಾಹಕರ ದರಕ್ಕೆ ಸೇರುವುದಿಲ್ಲ. ಗಾಲ್ಫ್ ಟೂರ್ನಮೆಂಟಿನ ಬಿಲ್ಲು 921ರ ಕಚೇರಿ ವೆಚ್ಚದಲ್ಲಿ ಸಿಕ್ಕಿತು ಅಂದರೆ, ಮೊತ್ತ ಚಿಲ್ಲರೆಯಾದರೂ, ಕಮಿಷನ್ ಸ್ಟಾಫ್ ಉಳಿದ ಎಲ್ಲದನ್ನೂ ಅನುಮಾನದಿಂದ ನೋಡುತ್ತಾರೆ.

ರೇಟ್ ಕೇಸ್ ಶುರುವಾದರೆ ಡೇಟಾ ರಿಕ್ವೆಸ್ಟ್‌ಗಳ, ಅಂದರೆ ಕಮಿಷನ್ ಸ್ಟಾಫ್ ಮತ್ತು ಎದುರು ಪಕ್ಷದವರು ಲಿಖಿತವಾಗಿ ಕೇಳುವ ಪ್ರಶ್ನೆಗಳ ಸುರಿಮಳೆ. ಗಡುವು ದಿನಗಳ ಲೆಕ್ಕದಲ್ಲಿ ಇರುತ್ತದೆ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ, ಆದರೆ ಪೂರ್ತಿ ಕೊಡಿ. ಎಕ್ಸೆಲ್‌ನಲ್ಲಿ ಫಾರ್ಮುಲಾ ಹಾಗೇ ಇರಲಿ, ಬರೀ ನಂಬರ್ ಅಂಟಿಸಿ ಕಳಿಸಿದರೆ ಮತ್ತೊಂದು ರಿಕ್ವೆಸ್ಟ್ ಗ್ಯಾರಂಟಿ. ವಕೀಲರು ನೋಡದೆ ಏನೂ ಹೊರಗೆ ಹೋಗಬಾರದು. ಎರಡು ವರ್ಷದ ಹಿಂದಿನ ಜರ್ನಲ್ ಎಂಟ್ರಿ ಯಾಕೆ ಮಾಡಿದಿರಿ ಅಂತ ಕೇಳುತ್ತಾರೆ, ಆಗ ನೆನಪು ಕೈಕೊಡುತ್ತದೆ. ಅದಕ್ಕೇ ಪ್ರತಿ ಎಂಟ್ರಿಯ ಜೊತೆ ಎರಡು ಸಾಲು ಕಾರಣ ಬರೆದಿಡಿ.

ಕಲಿಯುವುದಕ್ಕೆ ಅಮೆರಿಕನ್ ಗ್ಯಾಸ್ ಅಸೋಸಿಯೇಷನ್‌ನ ಯುಟಿಲಿಟಿ ಅಕೌಂಟಿಂಗ್ ಕೋರ್ಸ್ ಇದೆ, ಕಂಪನಿಯವರೇ ಫೀಸು ಕಟ್ಟುತ್ತಾರಾ ಕೇಳಿ ನೋಡಿ. ಅದಕ್ಕಿಂತ ಉಪಯೋಗ ಆಗುವುದು ಕಮಿಷನ್ನಿನ ವೆಬ್‌ಸೈಟು: ನಿಮ್ಮ ಕಂಪನಿಯ ಹಳೆಯ ಕೇಸುಗಳಲ್ಲಿ ಎದುರು ಪಕ್ಷದ ಸಾಕ್ಷಿಗಳ ಹೇಳಿಕೆ ತೆಗೆದು ಓದಿ. ಲೆಕ್ಕದಲ್ಲಿ ಎಲ್ಲೆಲ್ಲಿ ಕೈ ಹಾಕಿದ್ದರು ಅಂತ ಅಲ್ಲೇ ಇರುತ್ತದೆ, ಮುಂದಿನ ಸಲವೂ ಅಲ್ಲಿಂದಲೇ ಶುರು ಮಾಡುತ್ತಾರೆ.