ಹುಬ್ಬಳ್ಳಿ ಅಂತ ಟೈಪ್ ಮಾಡಿ ನೋಡಿ

ಬೆಳಿಗ್ಗೆ ಧಾರವಾಡದ ಕೆಲಗೇರಿ ಕೆರೆ ಕಡೆ ವಾಕಿಂಗ್ ಹೋದಾಗ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ. "ರಿಟೈರ್ ಆಗಿ ಆರು ತಿಂಗಳಾತ್ರೀ. ನೀವು ಮಾಡ್ತೀರಲ್ಲ, ಆ ಓಪನ್ ಸೋರ್ಸ್ ಕೆಲಸ, ಅದನ್ನ ನಾವೂ ಮಾಡಬಹುದೇನ್ರೀ? ಕೋಡಿಂಗ್ ಕಲೀಬೇಕೇನು?"

ಓಪನ್ ಸೋರ್ಸ್ ಅಂದರೆ ಒಳಗಿನ ಕೋಡನ್ನು ಯಾರು ಬೇಕಾದರೂ ಓದಿ ತಿದ್ದಬಹುದಾದ ಪ್ರೋಗ್ರಾಂಗಳು. ಕೋಡಿಂಗ್ ಆಮೇಲೆ ನೋಡೋಣ. ಮೊದಲು ಮನೆಗೆ ಹೋಗಿ ಕಂಪ್ಯೂಟರಿನಲ್ಲಿ "ಹುಬ್ಬಳ್ಳಿ" ಅಂತ ಟೈಪ್ ಮಾಡಿ. ಫೈಲಿನ ಹೆಸರಿನಲ್ಲಿ, ಕ್ಯಾಲೆಂಡರಿನಲ್ಲಿ, ಫೋಟೋ ಕೆಳಗೆ, ಎಲ್ಲೆಲ್ಲಿ ಅಕ್ಷರ ಹಾಕಲು ಜಾಗ ಇದೆಯೋ ಅಲ್ಲೆಲ್ಲ. ಅದು ಎಲ್ಲಿ ಕೆಡುತ್ತದೋ ಅಲ್ಲಿಂದ ನಿಮ್ಮ ಕೆಲಸ ಶುರು.

ನಾನು ಬೆಂಗಳೂರಿನಲ್ಲಿ ಮೂವತ್ತು ವರ್ಷ ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆದವನು. ವಿಂಡೋಸ್ ಬದಲು ಬಳಸಬಹುದಾದ, ಓಪನ್ ಸೋರ್ಸ್ ಆದ ಲಿನಕ್ಸ್ ಮೊದಲು ಕೈಗೆ ಸಿಕ್ಕಿದ್ದು ಪಿಸಿ ಕ್ವೆಸ್ಟ್ ಪತ್ರಿಕೆ ಜೊತೆ ಬಂದ ಸಿಡಿಯಲ್ಲಿ. ಯಾರು ಬೇಕಾದರೂ ಬಳಸಿ ತಿದ್ದಬಹುದಾದ ತಂತ್ರಾಂಶ ಕಟ್ಟುವ ಗ್ನೂ ಯೋಜನೆಯನ್ನು ರಿಚರ್ಡ್ ಸ್ಟಾಲ್ಮನ್ ಸಾರಿದ್ದು 1983ರಲ್ಲಿ. ಲಿನಸ್ ಟೊರ್ವಾಲ್ಡ್ಸ್ ಹೆಲ್ಸಿಂಕಿಯಲ್ಲಿ ಓದುವಾಗ ಲಿನಕ್ಸ್ ಶುರು ಮಾಡಿದ್ದು 1991ರಲ್ಲಿ. ಇದೆಲ್ಲ ನನಗೆ ಆಮೇಲೆ ಗೊತ್ತಾಯಿತು. ಆ ಸಿಡಿ ಹಾಕಿದ ರಾತ್ರಿ ನನ್ನನ್ನು ಹಿಡಿದು ಕೂರಿಸಿದ್ದು ಬೇರೆ ಸಂಗತಿ. ದಿನಾ ಬಳಸುವ ಪ್ರೋಗ್ರಾಮಿನ ಒಳಗನ್ನು ತೆರೆದು ಓದಬಹುದಿತ್ತು. ಆಫೀಸಿನಲ್ಲಿ ದೋಷ ಸಿಕ್ಕರೆ ತಯಾರಿಸಿದವರಿಗೆ ಪತ್ರ ಬರೆದು ತಿಂಗಳುಗಟ್ಟಲೆ ಕಾಯುತ್ತಿದ್ದೆವು. ಇಲ್ಲಿ ದೋಷ ಇರುವ ಸಾಲಿನ ಮೇಲೆ ಬೆರಳಿಟ್ಟು ತೋರಿಸಬಹುದು. ನಿವೃತ್ತನಾಗಿ ಮಾಳಮಡ್ಡಿಗೆ ಬಂದು ನೆಲೆಸಿದ ಮೇಲೂ ಆ ಖುಷಿ ಕಡಿಮೆಯಾಗಿಲ್ಲ.

ಮಷಿನ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಮಗನೋ ಮಗಳೋ ಬಿಟ್ಟುಹೋದ ಹಳೆ ಲ್ಯಾಪ್‌ಟಾಪ್ ಸಾಕು. 4 ಜಿಬಿ ರ‍್ಯಾಮ್ ಇದ್ದರೆ ಡೆಬಿಯನ್ (ಪುಕ್ಕಟೆ ಸಿಗುವ ಒಂದು ಲಿನಕ್ಸ್) ಹಾಕಿ, ಹಗುರಾದ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಆರಿಸಿಕೊಳ್ಳಿ. ಒಳಗೆ ಹಳೆಯ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ತೆಗೆಸಿ ಎಸ್‌ಎಸ್‌ಡಿ ಹಾಕಿಸಿ. ಖರ್ಚು ಮಾಡುವುದಿದ್ದರೆ ಅದೊಂದಕ್ಕೆ ಮಾಡಿ. ಕನ್ನಡ ಟೈಪಿಂಗಿಗೆ ಐಬಸ್ ಎಂಬ ತಂತ್ರಾಂಶ ಮತ್ತು ಅದರ ಎಂ17ಎನ್ ಪ್ಯಾಕೇಜ್ ಹಾಕಿ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ರೂಢಿ ಇದ್ದವರಿಗೆ ಅದೇ ಕೆಜಿಪಿ ಕೀಲಿಮಣೆ ವಿನ್ಯಾಸ ಅಲ್ಲೂ ಸಿಗುತ್ತದೆ. ನೋಟೋ ಕನ್ನಡ ಫಾಂಟ್ ಇರಲಿ.

ಇನ್ನು ಹುಬ್ಬಳ್ಳಿಯೇ ಯಾಕೆ ಅಂತ ಹೇಳುತ್ತೇನೆ.

ನಮ್ಮ ಕಣ್ಣಿಗೆ ಅದು ಮೂರಕ್ಷರ: ಹು, ಬ್ಬ, ಳ್ಳಿ. ಯೂನಿಕೋಡ್ (ಎಲ್ಲ ಲಿಪಿಗಳಿಗೂ ಸಂಕೇತ ಕೊಡುವ ಪದ್ಧತಿ) ಲೆಕ್ಕದಲ್ಲಿ ಒಂಬತ್ತು ಸಂಕೇತ: ಹ, ಉಕಾರ, ಬ, ಹಲಂತ, ಬ, ಳ, ಹಲಂತ, ಳ, ಇಕಾರ. ಫೈಲಿನಲ್ಲಿ ಯುಟಿಎಫ್-8 ರೂಪದಲ್ಲಿ ಉಳಿಸಿದಾಗ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ (ಕಂಪ್ಯೂಟರಿನಲ್ಲಿ ಜಾಗದ ಅಳತೆ) ಬೇಕು. ಅಲ್ಲಿಗೆ 27 ಬೈಟ್. ಇಂಗ್ಲಿಷಿನಲ್ಲಿ ಇದೇ ಊರಿನ ಹೆಸರಿಗೆ ಎಂಟಕ್ಷರ, ಎಂಟೇ ಬೈಟ್. 3, 9, 27. ಈ ಮೂರು ಲೆಕ್ಕಗಳನ್ನು ಒಂದಕ್ಕೊಂದು ಗೊಂದಲ ಮಾಡಿಕೊಂಡ ಪ್ರೋಗ್ರಾಂಗಳು ಇವತ್ತಿಗೂ ಎಷ್ಟೋ ಇವೆ. ಬರೆದವರದು ಕೆಟ್ಟ ಉದ್ದೇಶವಲ್ಲ. ಅವರ ಮುಂದೆ ಕನ್ನಡ ಯಾವತ್ತೂ ಬಂದಿರಲಿಲ್ಲ, ಅಷ್ಟೇ. ಅದನ್ನು ಅವರ ಮುಂದೆ ಇಡುವ ಕೆಲಸ ನಮ್ಮದು.

ಎರಡು ವರ್ಷದ ಹಿಂದೆ ಟಿಪ್ಪಣಿ ಬರೆದಿಡುವ ಒಂದು ಚಿಕ್ಕ ಪ್ರೋಗ್ರಾಂ ಬಳಸುತ್ತಿದ್ದೆ. ಒಂದು ಟಿಪ್ಪಣಿಗೆ "ಹುಬ್ಬಳ್ಳಿ" ಅಂತ ಹಣೆಪಟ್ಟಿ ಹಾಕಿದೆ. ಉಳಿಸಿ ಮತ್ತೆ ತೆರೆದರೆ "ಹುಬ್ಬಳ" ಅಂತ ಬಂತು. ಅದರ ಪಕ್ಕ ಕಪ್ಪು ವಜ್ರದಾಕಾರ, ಒಳಗೆ ಪ್ರಶ್ನೆ ಚಿಹ್ನೆ. ಆ ಚಿಹ್ನೆ ಬಂತು ಅಂದರೆ ಸಾಮಾನ್ಯವಾಗಿ ಒಂದು ಅಕ್ಷರದ ಬೈಟ್‌ಗಳು ಅರ್ಧಕ್ಕೆ ತುಂಡಾಗಿವೆ ಅಂತ ಅರ್ಥ.

ಇಲ್ಲಿ ಸುಮ್ನೆ "ಕನ್ನಡ ಸರಿ ಬರುತ್ತಿಲ್ಲ" ಅಂತ ಬರೆದು ಕಳಿಸಬೇಡಿ. ಹಾಗೆ ಬರೆದರೆ ಓದಿದವರಿಗೆ ಕೈ ಹಾಕಲು ಜಾಗವೇ ಸಿಗುವುದಿಲ್ಲ. ದೋಷವನ್ನು ಅಳೆಯಬೇಕು. ನಾನು ಅದೇ ಜಾಗದಲ್ಲಿ ಬರೀ "ಅ" ಒತ್ತುತ್ತಾ ಹೋದೆ. ಆರು "ಅ" ಸರಿಯಾಗಿ ಉಳಿದವು, ಏಳನೆಯದು ಕೆಟ್ಟಿತು. ಆಮೇಲೆ ಇಂಗ್ಲಿಷ್ ಅಕ್ಷರ ಒತ್ತಿದೆ. ಇಪ್ಪತ್ತು ಉಳಿದವು, ಇಪ್ಪತ್ತೊಂದನೆಯದು ಮಾಯ. ಆರು ಮೂರಲೆ ಹದಿನೆಂಟು, ಏಳು ಮೂರಲೆ ಇಪ್ಪತ್ತೊಂದು. ಅಲ್ಲಿಗೆ ಗೊತ್ತಾಯಿತು. ಪ್ರೋಗ್ರಾಂ 20 ಬೈಟಿಗೆ ಕತ್ತರಿ ಹಾಕುತ್ತಿದೆ, ಅಕ್ಷರದ ಗಡಿ ನೋಡುತ್ತಿಲ್ಲ. ಕೋಡಿನ ಒಂದು ಸಾಲೂ ಓದದೆ ದೋಷದ ಜಾಗ ಹಿಡಿದಿದ್ದೆ. ಇದಕ್ಕೆ ಬೇಕಾದದ್ದು ತಾಳ್ಮೆ. ಮೂವತ್ತು ವರ್ಷ ಲೆಡ್ಜರ್ ತಾಳೆ ನೋಡಿದ ಬ್ಯಾಂಕಿನವರಿಗೆ ಇದು ನನಗಿಂತ ಚೆನ್ನಾಗಿ ಬರುತ್ತದೆ.

ದೋಷದ ವರದಿ ಬರೆಯುವ ಕ್ರಮ ಹೀಗಿರಲಿ. ಮೊದಲು ಆ ಪ್ರೋಗ್ರಾಮಿನವರ ವೆಬ್ ಸೈಟಿನ ದೋಷಗಳ ಪಟ್ಟಿಯಲ್ಲಿ ಅದೇ ದೋಷವನ್ನು ಬೇರೆ ಯಾರಾದರೂ ಹೇಳಿದ್ದಾರಾ ಅಂತ ಹುಡುಕಿ. ಹೇಳಿದ್ದರೆ ಅದರ ಕೆಳಗೇ ನಿಮ್ಮ ಅಳತೆ ಸೇರಿಸಿ. ಇಲ್ಲದಿದ್ದರೆ ಹೊಸದು ತೆರೆಯಿರಿ. ತಲೆಬರಹದಲ್ಲೇ ವಿಷಯ ಇರಲಿ: "ಹಣೆಪಟ್ಟಿ 20 ಬೈಟಿಗೆ ತುಂಡಾಗುತ್ತದೆ, ಕನ್ನಡದ ಅಕ್ಷರ ಒಡೆಯುತ್ತದೆ". ಕೆಳಗೆ ಪ್ರೋಗ್ರಾಮಿನ ಆವೃತ್ತಿ, ಡೆಬಿಯನ್ನಿನ ಆವೃತ್ತಿ. ಆಮೇಲೆ ಏನೇನು ಒತ್ತಿದಿರಿ, ಒಂದೊಂದಾಗಿ. ಏನು ಬರಬೇಕಿತ್ತು, ಏನು ಬಂತು. ಪರದೆಯ ಚಿತ್ರ ಹಚ್ಚಿ, ಆದರೆ ಪದವನ್ನು ಅಕ್ಷರವಾಗಿಯೂ ಕೊಡಿ. ಚಿತ್ರದಿಂದ ಯಾರೂ ನಕಲು ಮಾಡಿಕೊಳ್ಳಲು ಆಗುವುದಿಲ್ಲ ಅಲ್ವಾ. ಒಂದು ವರದಿಗೆ ಒಂದೇ ದೋಷ. ಇಂಗ್ಲಿಷ್ ಬಗ್ಗೆ ಅಂಜಬೇಡಿ. ಚಿಕ್ಕ ಚಿಕ್ಕ ವಾಕ್ಯ ಸಾಕು. ಆ ಕಡೆ ಓದುವವರಲ್ಲೂ ಎಷ್ಟೋ ಜನರಿಗೆ ಇಂಗ್ಲಿಷ್ ಮನೆಮಾತಲ್ಲ.

ಆಮೇಲೆ ಕಾಯಬೇಕು. ನನಗೆ ಉತ್ತರ ಬಂದದ್ದು ಹನ್ನೊಂದು ದಿನಕ್ಕೆ. ಅದೂ ಇನ್ನೊಂದು ಪ್ರಶ್ನೆ. ಅವತ್ತೇ ಉತ್ತರ ಕೊಟ್ಟೆ. ಪ್ರೋಗ್ರಾಂ ನೋಡಿಕೊಳ್ಳುವವರೂ ಹಗಲು ನೌಕರಿ ಮುಗಿಸಿ ರಾತ್ರಿ ಕೂತು ಈ ಕೆಲಸ ಮಾಡುವವರು. ಕೇಳಿದ ಪ್ರಶ್ನೆಗೆ ಬೇಗ ಉತ್ತರ ಕೊಡುವವರ ಕೆಲಸ ಮೊದಲು ಮುಗಿಯುತ್ತದೆ.

ಹುಬ್ಬಳ್ಳಿ ಪಾಸಾದರೆ "ರ‍್ಯಾಂಕ್" ಅಂತ ಟೈಪ್ ಮಾಡಿ. ರ ಮೇಲೆ, ಯ ಒತ್ತಾಗಿ ಕೆಳಗೆ ಬರಬೇಕು. ಅದಕ್ಕೆ ರಕಾರ ಮತ್ತು ಹಲಂತದ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಕೂತಿರುತ್ತದೆ, ಹೆಸರು ಝೀರೋ ವಿಡ್ತ್ ಜಾಯ್ನರ್. ಕೆಲವು ಪ್ರೋಗ್ರಾಂಗಳು ಕಾಣದ್ದೆಲ್ಲ ಕಸ ಅಂತ ತಿಳಿದು ಅದನ್ನು ಗುಡಿಸಿಬಿಡುತ್ತವೆ. ಆಗ "ರ್ಯಾಂಕ್" ಆಗಿ ಅರ್ಕಾವೊತ್ತು ಬಂದು ಕೂರುತ್ತದೆ. ಸೂರ್ಯ, ಕಾರ್ಯಕ್ಕೆ ಅದು ಸರಿ, ಇಲ್ಲಿ ತಪ್ಪು. ಈ ವ್ಯತ್ಯಾಸ ಕನ್ನಡ ಓದುವವರ ಕಣ್ಣಿಗೆ ಮಾತ್ರ ಬೀಳುವಂಥದ್ದು.

ಎರಡನೆಯ ದಾರಿ ಅನುವಾದ. ಪ್ರೋಗ್ರಾಮಿನ ಮೆನು, ಸೂಚನೆಗಳನ್ನು ಕನ್ನಡಕ್ಕೆ ತರುವುದು. ಇಂಗ್ಲಿಷ್ ಸಾಲು ಮೇಲೆ, ಕನ್ನಡ ಸಾಲು ಕೆಳಗೆ ಇರುವ ಒಂದು ಫೈಲ್ ಇರುತ್ತದೆ. ಪೋಎಡಿಟ್ ಎಂಬ ತಂತ್ರಾಂಶದಲ್ಲಿ ತೆರೆದು ತುಂಬುತ್ತಾ ಹೋಗಬಹುದು. ಕೆಲವು ಯೋಜನೆಗಳು ವೆಬ್ಲೇಟ್ ಬಳಸುತ್ತವೆ, ಅಲ್ಲಿ ಬ್ರೌಸರಿನಲ್ಲೇ ಆಗುತ್ತದೆ.

ಇದರಲ್ಲಿ ನನ್ನ ಗುರು ಪಕ್ಕದ ಮನೆಯ ಅಕ್ಕೋರು. ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ನಾನು ಡಿಫಾಲ್ಟ್ ಎಂಬುದಕ್ಕೆ "ಪೂರ್ವನಿಯೋಜಿತ" ಅಂತ ಬರೆದು ತೋರಿಸಿದ್ದೆ. ಕನ್ನಡಕ ಏರಿಸಿ ಎರಡು ಸಲ ಓದಿದರು. "ಇದು ಯಾರಿಗೆ ತಿಳೀತದ್ರೀ? ನನಗಂತೂ ತಿಳೀವಲ್ದು. ಮೊದಲೇ ಇದ್ದದ್ದು ಅಂತ ಬರೀರಲ್ಲ." ಹಾಗೇ ಬರೆದೆ. ಅವತ್ತಿನಿಂದ ಅವರು ಓದದೆ ಒಂದು ಸಾಲೂ ಕಳಿಸಿಲ್ಲ. ನೀವೂ ಕಂಪ್ಯೂಟರ್ ಗೊತ್ತಿಲ್ಲದ, ಕನ್ನಡ ಚೆನ್ನಾಗಿ ಗೊತ್ತಿರುವ ಒಬ್ಬರನ್ನು ಜೊತೆಗಿಟ್ಟುಕೊಳ್ಳಿ.

ವಿಭಕ್ತಿ ಒಂದು ದೊಡ್ಡ ತೊಡಕು. ಇಂಗ್ಲಿಷ್ ಸಾಲಿನಲ್ಲಿ ಹೆಸರು ಬರುವ ಜಾಗದಲ್ಲಿ ಶೇಕಡಾ ಚಿಹ್ನೆ ಹಚ್ಚಿದ ಒಂದು ಗುರುತು ಇರುತ್ತದೆ. ಪ್ರೋಗ್ರಾಂ ಓಡುವಾಗ ಅಲ್ಲಿ ನಿಜವಾದ ಹೆಸರು ಬಂದು ಕೂರುತ್ತದೆ. ಆ ಗುರುತನ್ನು ಅಳಿಸಬಾರದು, ಬದಲಿಸಬಾರದು. ಅದರ ಮುಂದೆ "ಗೆ" ಅಂತ ಹಚ್ಚಿದರೆ ಹುಬ್ಬಳ್ಳಿಗೆ ಸರಿಹೋಗುತ್ತದೆ. ಧಾರವಾಡ ಬಂದು ಕೂತರೆ "ಧಾರವಾಡಗೆ" ಆಗುತ್ತದೆ. ನಾವು ಧಾರವಾಡಕ್ಕೆ ಅನ್ನುತ್ತೇವೆ. ಪ್ರೋಗ್ರಾಮಿಗೆ ಅದು ತಿಳಿಯದು. ಹಾಗಾಗಿ ವಾಕ್ಯವನ್ನೇ ತಿರುಗಿಸಿ ಬರೆಯಿರಿ: "ಕಳಿಸುವ ಜಾಗ:" ಅಂತ ಬರೆದು ಗುರುತನ್ನು ಕೊನೆಗೆ ಒಂಟಿಯಾಗಿ ಬಿಡಿ. ಯಾವ ಹೆಸರು ಬಂದರೂ ಕೆಡುವುದಿಲ್ಲ. ಇಂಥ ಸಾಲು ಸಿಕ್ಕಾಗಲೆಲ್ಲ ಹುಬ್ಬಳ್ಳಿ, ಧಾರವಾಡ ಎರಡನ್ನೂ ಹಾಕಿ ಬಾಯಲ್ಲಿ ಹೇಳಿ ನೋಡುವುದು ನನ್ನ ರೂಢಿ.

ಇಷ್ಟಾದ ಮೇಲೆ ಕೋಡಿಗೆ ಕೈ ಹಾಕುವ ಆಸೆ ಬಂದರೆ ಗಿಟ್ ಕಲಿಯಿರಿ. ಕೋಡಿನ ಪ್ರತಿ ಬದಲಾವಣೆಯನ್ನೂ ಯಾರು, ಯಾವಾಗ, ಯಾಕೆ ಮಾಡಿದರು ಅಂತ ದಾಖಲೆ ಇಡುವ ತಂತ್ರಾಂಶ ಅದು. ಇದನ್ನೂ ಟೊರ್ವಾಲ್ಡ್ಸ್ ಅವರೇ 2005ರಲ್ಲಿ ಶುರು ಮಾಡಿದ್ದು. ಅದಕ್ಕೂ ಮುಂಚೆ ನಾನು ಕಳಿಸಿದ ಮೊದಲ ಪ್ಯಾಚ್ (ಕೋಡಿನ ತಿದ್ದುಪಡಿ) ಮೂರೇ ಸಾಲು. ಮೇಲ್‌ನಲ್ಲಿ ಅಂಟಿಸಿ ಕಳಿಸಿದ್ದೆ. ನನ್ನ ಮೇಲ್ ಪ್ರೋಗ್ರಾಂ ಅದರಲ್ಲಿದ್ದ ಟ್ಯಾಬ್‌ಗಳನ್ನೆಲ್ಲ ಖಾಲಿ ಜಾಗವಾಗಿ ಬದಲಿಸಿತ್ತು. ಆ ಕಡೆಯವರಿಗೆ ಪ್ಯಾಚ್ ಕೂರಲೇ ಇಲ್ಲ. ಎರಡು ಸಾಲಿನ ಉತ್ತರ ಬಂತು: ಬದಲಾವಣೆ ಸರಿ ಇದೆ, ಫೈಲಾಗಿ ಲಗತ್ತಿಸಿ ಮತ್ತೆ ಕಳಿಸಿ. ಕಳಿಸಿದೆ, ಸೇರಿತು. ಈಗಲೂ ಕಳಿಸುವ ಮೊದಲು ನನಗೇ ಒಂದು ಪ್ರತಿ ಕಳಿಸಿಕೊಂಡು, ಹೊಸ ಫೋಲ್ಡರಿನಲ್ಲಿ ಹಚ್ಚಿ ನೋಡುತ್ತೇನೆ. ಇನ್ನೊಂದು ಮಾತು. ಯೋಜನೆಯ ಲೈಸೆನ್ಸ್ ಫೈಲನ್ನು ಒಮ್ಮೆ ಪೂರ್ತಿ ಓದಿ. ಹಳೆ ನೌಕರಿಯಲ್ಲಿ ಬರೆದ ಕೋಡನ್ನು ಇಲ್ಲಿಗೆ ತರಬೇಡಿ, ಅದು ಆ ಕಂಪನಿಯ ಸ್ವತ್ತು.

ಕೋಡಿನಲ್ಲಿ ದೋಷ ಹುಡುಕುವ ಅತಿ ಒಳ್ಳೆಯ ಉಪಾಯ ನಾನು ಕಲಿತದ್ದು ಕಂಪ್ಯೂಟರಿನಿಂದ ಅಲ್ಲ, ರೇಡಿಯೋದಿಂದ. ಮನೆಯ ಹಿಂದಿನ ಕೋಣೆಯಲ್ಲಿ ಒಂದು ಬೆಂಚು ಇದೆ. ಅದರ ಮೇಲೆ ಹಳೆ ಟ್ರಾನ್ಸಿಸ್ಟರ್ ಸೆಟ್‌ಗಳು, ಸೋಲ್ಡರಿಂಗ್ ಐರನ್, ಮೀಟರ್. ಸೆಟ್ ಮಾತಾಡುತ್ತಿಲ್ಲ ಅಂದರೆ ಒಂದು ತುದಿಯಿಂದ ಶುರು ಮಾಡಬಾರದು, ನಡುವಿನಿಂದ ನೋಡಬೇಕು. ಬರೀ ಬ್ಯಾಟರಿ ಸೆಟ್ಟಿನಲ್ಲಿ ಮಾತ್ರ ಇದನ್ನು ಮಾಡಿ, ಕರೆಂಟಿನ ಸೆಟ್ ಮುಟ್ಟಬೇಡಿ. ವಾಲ್ಯೂಮ್ ಪೂರ್ತಿ ಏರಿಸಿ, ಆ ಕಂಟ್ರೋಲಿನ ನಡುವಿನ ಕಾಲಿಗೆ ಸ್ಕ್ರೂಡ್ರೈವರ್ ತುದಿ ತಾಗಿಸಿ, ಅದರ ಲೋಹಕ್ಕೆ ಬೆರಳು ಹಚ್ಚಿ. ಸ್ಪೀಕರಿನಲ್ಲಿ ಗುಂಯ್ ಅಂದರೆ ಅಲ್ಲಿಂದ ಸ್ಪೀಕರ್ ತನಕ ಎಲ್ಲ ಸರಿ, ದೋಷ ಏರಿಯಲ್ ಕಡೆ ಇದೆ. ಸದ್ದಿಲ್ಲದಿದ್ದರೆ ದೋಷ ಸ್ಪೀಕರ್ ಕಡೆ. ಒಂದೇ ಸಲಕ್ಕೆ ಅರ್ಧ ಸೆಟ್ ಲೆಕ್ಕದಿಂದ ಹೊರಗೆ.

ಗಿಟ್ಟಿನಲ್ಲಿ ಬೈಸೆಕ್ಟ್ ಎಂಬ ಆಜ್ಞೆ ಇದನ್ನೇ ಮಾಡುತ್ತದೆ. ಹಳೆ ಆವೃತ್ತಿ ಸರಿ ಇತ್ತು, ಹೊಸದು ಕೆಟ್ಟಿದೆ, ನಡುವೆ ಸಾವಿರ ಬದಲಾವಣೆ. ಅದು ಸರಿ ನಡುವಿನದನ್ನು ತೆಗೆದು ಕೊಡುತ್ತದೆ. ನೀವು ಓಡಿಸಿ ನೋಡಿ, ಸರಿಯೋ ತಪ್ಪೋ ಹೇಳಿದರೆ ಸಾಕು. ಹತ್ತು ಸಲ ಹೇಳುವಷ್ಟರಲ್ಲಿ ಕೆಡಿಸಿದ ಆ ಒಂದು ಬದಲಾವಣೆ ಸಿಕ್ಕಿಬಿಡುತ್ತದೆ. ಕೋಡ್ ಬರೆಯಲು ಬರದವರೂ ಇದನ್ನು ಮಾಡಬಹುದು. ಅದನ್ನು ವರದಿಯಲ್ಲಿ ಬರೆದರೆ ಆ ಕಡೆಯವರ ಮುಕ್ಕಾಲು ಕೆಲಸ ಮುಗಿದ ಹಾಗೆ.

ಬೆಂಚಿನ ಮೇಲೆ ಚಿಕ್ಕ ರೇಡಿಯೋ ಕಟ್ಟಲು ಶುರು ಮಾಡುವವರಿಗೆ ನಮ್ಮೂರಿನಲ್ಲಿ ಒಂದು ಅನುಕೂಲ ಇದೆ. 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿ, ಮೀಡಿಯಂ ವೇವ್ 765 ಕಿಲೋಹರ್ಟ್ಸ್. 200 ಮೈಕ್ರೋಹೆನ್ರಿಯ ಕಾಯಿಲ್ ಸುತ್ತಿಕೊಂಡರೆ ಕಂಡೆನ್ಸರ್ ಸುಮಾರು 216 ಪಿಕೋಫ್ಯಾರಡ್ ಹತ್ತಿರ ಬಂದಾಗ ಆ ಸ್ಟೇಷನ್ ಕೂರುತ್ತದೆ. ಹಳೆ ರೇಡಿಯೋದಲ್ಲಿ ಸ್ಟೇಷನ್ ಬದಲಿಸುವ ಗ್ಯಾಂಗ್ ಕಂಡೆನ್ಸರ್ ತಿರುಗಿಸಿದರೆ ಆ ಜಾಗ ಸಿಗುತ್ತದೆ. ಜೊತೆಗೆ ಒಂದು ಜರ್ಮೇನಿಯಂ ಡಯೋಡ್, ಒಂದು ಕ್ರಿಸ್ಟಲ್ ಇಯರ್‌ಫೋನ್, ಮಹಡಿ ಮೇಲೊಂದು ಉದ್ದದ ತಂತಿ, ಒಂದು ಅರ್ಥಿಂಗ್. ಬ್ಯಾಟರಿ ಬೇಕಿಲ್ಲ. ಗುಡುಗು-ಮಿಂಚು ಶುರುವಾದರೆ ತಂತಿ ಕಳಚಿಡಿ. ಅಕ್ಕೋರ ಮೊಮ್ಮಗ ಇದನ್ನು ಕಟ್ಟಿ, ಇಯರ್‌ಫೋನ್ ಕಿವಿಗಿಟ್ಟುಕೊಂಡು, "ಅಜ್ಜಾ, ಇದಕ್ಕ ಸೆಲ್ ಎಲ್ಲಿ ಹಾಕೀರಿ?" ಅಂತ ಪೆಟ್ಟಿಗೆ ತಿರುಗಿಸಿ ತಿರುಗಿಸಿ ಹುಡುಕಿದ.

ನೀವು ಹೇಳಿದ ದೋಷ ಸರಿಯಾಯಿತು ಅಂತ ಸುದ್ದಿ ಬಂದರೆ ಅಲ್ಲಿಗೇ ಬಿಡಬೇಡಿ. ಡೆಬಿಯನ್ನಿನ ಸ್ಟೇಬಲ್ ಆವೃತ್ತಿ ಸುಮಾರು ಎರಡು ವರ್ಷಕ್ಕೊಮ್ಮೆ ಬರುವುದರಿಂದ ಆ ತಿದ್ದುಪಡಿ ನಿಮ್ಮ ಮಷಿನ್‌ಗೆ ತಡವಾಗಿ ಬರಬಹುದು. ಯೋಜನೆಯ ಹೊಸ ಆವೃತ್ತಿಯನ್ನು ಬೇರೆ ಫೋಲ್ಡರಿನಲ್ಲಿ ಹಾಕಿ, ಮೊದಲು ಮಾಡಿದ ಅಳತೆಯನ್ನೇ ಮತ್ತೆ ಮಾಡಿ, ಬಂದದ್ದನ್ನು ಅದೇ ವರದಿಯ ಕೆಳಗೆ ಬರೆಯಿರಿ. ಆ ಟಿಪ್ಪಣಿ ಪ್ರೋಗ್ರಾಮಿನ ಹೊಸ ಆವೃತ್ತಿ ಬಂದ ದಿನ ನಾನು ಏಳು "ಅ" ಒತ್ತಿದೆ. ಏಳೂ ಉಳಿದವು. ಆಮೇಲೆ ಹುಬ್ಬಳ್ಳಿ ಅಂತ ಬರೆದು, ಉಳಿಸಿ, ಮುಚ್ಚಿ, ಮತ್ತೆ ತೆರೆದೆ. ಳ್ಳಿ ಅದರ ಜಾಗದಲ್ಲಿತ್ತು.