ಹಳೇ ನೌಕಾಧಿಕಾರಿಯ ಸರ್ವಿಸ್ ಓದುವುದು ಹೇಗೆ: ಗವರ್ನರ್ ಫಿಟ್ಜ್‌ರಾಯ್ ಹಾಳೆ

ನನ್ನ ಕಪಾಟಿನಲ್ಲಿ ಒಂದು ಹಳೇ ಸಿ.ಡಿ.ಸಿ. ಇದೆ. ಹಡಗಿನವರಿಗೆ ಗೊತ್ತು, ಅದು ಪಾಸ್‌ಪೋರ್ಟ್ ಥರದ ಪುಸ್ತಕ. ಯಾವತ್ತು ಯಾವ ಹಡಗು ಹತ್ತಿದೆ, ಯಾವತ್ತು ಇಳಿದೆ, ಯಾವ ಹುದ್ದೆ, ಎಲ್ಲ ಸೀಲು ಸಮೇತ ಇರುತ್ತದೆ. ಅದರ ಒಂದು ಪುಟದಲ್ಲಿ ಸೈನ್ ಆಫ್ ಆದ ಮೇಲೆ ಮುಂದಿನ ಸೈನ್ ಆನ್‌ಗೆ 14 ತಿಂಗಳ ಅಂತರವಿದೆ. ಆಗ ಒಂದು ಕಂಪನಿಯವರು ಇವತ್ತು ನಾಳೆ ಅಂತ ಸತಾಯಿಸುತ್ತಿದ್ದರು. ನಾನು ಕುಂದಾಪುರದ ಮನೆಯಲ್ಲಿ ಕೈ ಸಾಲ ಮಾಡಿಕೊಂಡು ಕೂತಿದ್ದೆ. ಪುಸ್ತಕದಲ್ಲಿ ಅದರ ಸುದ್ದಿಯೇ ಇಲ್ಲ.

ಇದನ್ನು ಯಾಕೆ ಹೇಳಿದೆ ಅಂದರೆ, ಕಳೆದ ವರ್ಷ ತಂಗಿಯ ಮಗಳು ಎಂ.ಎ. ಸೆಮಿನಾರಿನ ಹಾಳೆ ಹಿಡಿದು ಬಂದಳು. "ಮಾಮ, ನೌಕಾಪಡೆಯಲ್ಲಿದ್ದು ಆಮೇಲೆ ಗವರ್ನರ್ ಆದವನ ಬಗ್ಗೆ ಬರೆದಿದ್ದೀನಿ. ನೀವು ಹಡಗಿನವರಲ್ವಾ, ಒಂದ್ಸಲ ನೋಡಿ" ಅಂದಳು. ರಾಬರ್ಟ್ ಫಿಟ್ಜ್‌ರಾಯ್ ಬಗ್ಗೆ. ಡಾರ್ವಿನ್‌ನನ್ನು ಬೀಗಲ್ ಹಡಗಿನಲ್ಲಿ ಕರೆದುಕೊಂಡು ಹೋದವನು, ಆಮೇಲೆ ನ್ಯೂಜಿಲೆಂಡಿನ ಗವರ್ನರ್. ಅವಳು ಬರೆದದ್ದು ಬರೀ ಹುದ್ದೆಗಳ ಪಟ್ಟಿ. ನನ್ನ ಸಿ.ಡಿ.ಸಿ. ಇದ್ದ ಹಾಗೇ ಇತ್ತು. ಅದನ್ನು ಬಿಚ್ಚಿ ಮತ್ತೆ ಕಟ್ಟಿದ ರೀತಿ ಇದು. ಇಂಥ ಯಾರ ಬಗ್ಗೆ ಬರೆಯಬೇಕಾದರೂ ನಿಮಗೆ ಉಪಯೋಗಕ್ಕೆ ಬರಬಹುದು.

ಒಂದು ದೊಡ್ಡ ಹಾಳೆ ತಗೊಳ್ಳಿ. ಕಂಪ್ಯೂಟರ್ ಬೇಡ, ಹಾಳೆಯೇ ಸರಿ, ಯಾಕೆಂದರೆ ಖಾಲಿ ಜಾಗ ಕಣ್ಣಿಗೆ ಕಾಣಬೇಕು. ಐದು ಕಾಲಂ ಎಳೆಯಿರಿ: ವರ್ಷ, ದರ್ಜೆ, ಕೆಲಸ, ದುಡ್ಡು ಯಾರದು, ಕಡೆಯದು ‘ಕೇಳಿ ಮಾಡಿದನೋ, ಮಾಡಿ ಹೇಳಿದನೋ’. ಕೆಲಸ ಇಲ್ಲದ ವರ್ಷಗಳಿಗೂ ಸಾಲು ಬಿಡಿ. ಆ ಕಾಲದ ಬ್ರಿಟಿಷ್ ನೌಕಾಪಡೆಯಲ್ಲಿ ಹಡಗಿಲ್ಲದ ಅಧಿಕಾರಿ ಅರ್ಧ ಸಂಬಳದ ಮೇಲೆ ದಡದಲ್ಲಿ ಕೂತಿರುತ್ತಿದ್ದ. ಆ ಸಾಲುಗಳನ್ನು ಹಾರಿಸಿದರೆ, ಒಬ್ಬ ನಾವಿಕ ಗವರ್ನರ್ ಕೆಲಸಕ್ಕೆ ಯಾಕೆ ಒಪ್ಪಿಕೊಂಡ ಅನ್ನೋದು ತಿಳಿಯುವುದೇ ಇಲ್ಲ.

ಮೊದಲು ದರ್ಜೆ ಬೇರೆ, ಕೆಲಸ ಬೇರೆ ಅಂತ ಬಿಡಿಸಿಕೊಳ್ಳಿ. ಎಲ್ಲರೂ ಎಡವುವುದು ಇಲ್ಲೇ. ತಂಗಿಯ ಮಗಳು ‘1831ರಲ್ಲಿ ಕ್ಯಾಪ್ಟನ್ ಫಿಟ್ಜ್‌ರಾಯ್’ ಅಂತ ಬರೆದಿದ್ದಳು. ಹಡಗು ನಡೆಸುವವನನ್ನು ಎಲ್ಲರೂ ಕ್ಯಾಪ್ಟನ್ ಅಂತಲೇ ಕರೆಯುತ್ತಾರೆ, ನಮ್ಮಲ್ಲೂ ಹಾಗೇ. ಆದರೆ ದರ್ಜೆಯಲ್ಲಿ ಆತ ಆಗ ಕಮಾಂಡರ್. 1828ರಲ್ಲಿ ಬೀಗಲ್‌ನ ಆಗಿನ ಕ್ಯಾಪ್ಟನ್ ಪ್ರಿಂಗಲ್ ಸ್ಟೋಕ್ಸ್ ದಕ್ಷಿಣ ಅಮೆರಿಕದ ತುದಿಯಲ್ಲಿ ಗುಂಡು ಹಾರಿಸಿಕೊಂಡು ಸತ್ತ. ಆ ಜಾಗಕ್ಕೆ ಅಡ್ಮಿರಲ್ ಓಟ್ವೇ ಈ 23ರ ಹುಡುಗನನ್ನು ಕೂರಿಸಿದ. ಪೋಸ್ಟ್ ಕ್ಯಾಪ್ಟನ್, ಅಂದರೆ ದರ್ಜೆಯಲ್ಲೂ ಕ್ಯಾಪ್ಟನ್ ಆದದ್ದು 1834ರ ಡಿಸೆಂಬರಿನಲ್ಲಿ. ಅಷ್ಟು ದೂರದಲ್ಲಿದ್ದ ಹಡಗಿಗೆ ಆ ಸುದ್ದಿ ಮುಟ್ಟಿದ್ದು ಮರುವರ್ಷ.

ಪೋಸ್ಟ್ ಕ್ಯಾಪ್ಟನ್ ಆದ ಮೇಲೆ ಬಡ್ತಿ ಸೀನಿಯಾರಿಟಿ ಮೇಲೆ. ಮೇಲಿನವರು ಸತ್ತ ಹಾಗೆ ಕೆಳಗಿನವರು ಏರುತ್ತಾರೆ, ಅಷ್ಟೇ. ಫಿಟ್ಜ್‌ರಾಯ್ 1857ರಲ್ಲಿ ರಿಯರ್ ಅಡ್ಮಿರಲ್, 1863ರಲ್ಲಿ ವೈಸ್ ಅಡ್ಮಿರಲ್. ಆಗ ಆತ ಇದ್ದದ್ದು ಲಂಡನ್ನಿನ ಒಂದು ಹವಾಮಾನ ಆಫೀಸಿನಲ್ಲಿ, ಮೇಜಿನ ಮುಂದೆ. ಹಡಗಿನ ದಳ ಗಿಳ ಏನೂ ಇಲ್ಲ. ‘ಅಡ್ಮಿರಲ್’ ಅಂತ ಕಂಡ ಕೂಡಲೇ ಯುದ್ಧ ಅಂದುಕೊಳ್ಳಬೇಡಿ.

ಗವರ್ನರ್ ಅನ್ನೋ ಪದದಲ್ಲೂ ಇದೇ ಗೋಜಲು. ಫಿಟ್ಜ್‌ರಾಯ್‌ಗಿಂತ ಮುಂಚೆ ನ್ಯೂಜಿಲೆಂಡಿನಲ್ಲಿದ್ದ ವಿಲಿಯಂ ಹಾಬ್ಸನ್ ಕೂಡ ನೌಕಾಪಡೆಯವನೇ. 1840ರಲ್ಲಿ ಅಲ್ಲಿನ ಮೂಲನಿವಾಸಿ ಮಾವೊರಿಗಳ ಜೊತೆ ವೈಟಾಂಗಿ ಒಪ್ಪಂದಕ್ಕೆ ಸಹಿ ಹಾಕಿದಾಗ ಆತ ಲೆಫ್ಟಿನೆಂಟ್ ಗವರ್ನರ್, ಅಂದರೆ ನ್ಯೂ ಸೌತ್ ವೇಲ್ಸ್‌ನ ಗವರ್ನರ್ ಕೈಕೆಳಗಿನವನು. ಪೂರ್ತಿ ಗವರ್ನರ್ ಆದದ್ದು 1841ರಲ್ಲಿ, 1842ರಲ್ಲಿ ತೀರಿಕೊಂಡ. ಅಂದಹಾಗೆ, ಆತ ರಾಜಧಾನಿಗೆ ಆಕ್ಲೆಂಡ್ ಅಂತ ಹೆಸರಿಟ್ಟದ್ದು ಹಿಂದೆ ತನಗೆ ಹಡಗು ಕೊಟ್ಟ ಲಾರ್ಡ್ ಆಕ್ಲೆಂಡ್ ನೆನಪಿಗೆ. ನಮ್ಮ ದೇಶದ ಗವರ್ನರ್ ಜನರಲ್ ಆಗಿದ್ದನಲ್ಲ, ಅದೇ ಆಸಾಮಿ.

ಈಗ ದುಡ್ಡಿನ ಕಾಲಂ. ಇದನ್ನು ತುಂಬುವಾಗ ನಾವಿಬ್ಬರೂ ಊಟ ಮರೆತೆವು. ಬೀಗಲ್‌ನಲ್ಲಿ ಸಮಯ ನೋಡುವ ಕ್ರೋನೋಮೀಟರುಗಳು 22 ಇದ್ದವು. ಅದರಲ್ಲಿ 6 ಫಿಟ್ಜ್‌ರಾಯ್‌ನ ಸ್ವಂತದ್ದು. ಅವುಗಳನ್ನು ನೋಡಿಕೊಳ್ಳುವ ಉಪಕರಣದ ಮೇಸ್ತ್ರಿಗೂ ಆತನೇ ಸಂಬಳ ಕೊಡುತ್ತಿದ್ದ. ನಾನು ಕೆಡೆಟ್ ಆಗಿದ್ದಾಗ ದಿನಾ ಬೆಳಿಗ್ಗೆ ಒಂದೇ ಒಂದು ಕ್ರೋನೋಮೀಟರಿಗೆ ಕೀ ಕೊಡುವ ಕೆಲಸ ನನ್ನದಾಗಿತ್ತು. ಒಂದು ದಿನ ಮರೆತು ಬೈಗುಳ ತಿಂದಿದ್ದೆ. 22 ಅಂದರೆ ಯೋಚನೆ ಮಾಡಿ.

1833ರಲ್ಲಿ ಫಾಕ್ಲೆಂಡ್ ದ್ವೀಪದಲ್ಲಿ ಆತ ಸುಮಾರು 1,300 ಪೌಂಡ್ ಸ್ವಂತ ದುಡ್ಡು ಹಾಕಿ ಇನ್ನೊಂದು ಹಡಗು ಕೊಂಡ. ಸರ್ವೆ ಬೇಗ ಮುಗಿಯಲಿ ಅಂತ. ಅಡ್ವೆಂಚರ್ ಅಂತ ಹೆಸರಿಟ್ಟ. ಲಂಡನ್ನಿನವರು ದುಡ್ಡು ಕೊಡಲ್ಲ ಅಂದರು. ಮಾರಬೇಕಾಯಿತು. ಚಿಲಿಯ ವಾಲ್ಪರೈಸೋ ಬಂದರಿನಲ್ಲಿ ಆತ ಕುಸಿದುಹೋಗಿ ರಾಜೀನಾಮೆಗೇ ಹೊರಟ. ಲೆಫ್ಟಿನೆಂಟ್ ವಿಕಮ್ ಸಮಾಧಾನ ಹೇಳಿ ತಡೆದ. ಈ ಸಾಲಿನ ಕೊನೇ ಕಾಲಂನಲ್ಲಿ ದಪ್ಪಗೆ ಬರೆಯಿರಿ: ಮಾಡಿ ಹೇಳಿದ.

ಈಗ 1843ಕ್ಕೆ ಬನ್ನಿ. ಡಿಸೆಂಬರಿನಲ್ಲಿ ನ್ಯೂಜಿಲೆಂಡಿಗೆ ಬಂದಿಳಿದಾಗ ಖಜಾನೆ ಖಾಲಿ, ಸೈನಿಕರು ಬೆರಳೆಣಿಕೆ. ಹಡಗಿನಲ್ಲಾದರೆ ಮಾತು ಕೇಳದವನಿಗೆ ಶಿಕ್ಷೆ ಕೊಡಬಹುದು. ಇಲ್ಲಿ ಒಂದು ಕಡೆ ಮಾವೊರಿ ಮುಖಂಡರು, ಇನ್ನೊಂದು ಕಡೆ ನ್ಯೂಜಿಲೆಂಡ್ ಕಂಪನಿ ಕರೆತಂದ ವಲಸಿಗರು. ಇಬ್ಬರೂ ಆತನ ಸಿಬ್ಬಂದಿ ಅಲ್ಲ. ಆತ ಏನು ಮಾಡಿದ? ಮತ್ತೆ ಅದೇ. ಕಾಗದದ ದುಡ್ಡು ಹೊರಡಿಸಬೇಡಿ ಅಂತ ಮೇಲಿನಿಂದ ಆದೇಶ ಇದ್ದರೂ ಡಿಬೆಂಚರ್, ಅಂದರೆ ದುಡ್ಡಿನ ಹಾಗೆ ಚಲಾಯಿಸುವ ಸರ್ಕಾರಿ ಸಾಲಪತ್ರ, ಅಚ್ಚು ಹಾಕಿಸಿದ. ಮಾವೊರಿಗಳಿಂದ ನೇರವಾಗಿ ಭೂಮಿ ಕೊಳ್ಳಲು ಬಿಟ್ಟ. ಸರ್ಕಾರದ ಪಾಲು ಮೊದಲು ಎಕರೆಗೆ 10 ಶಿಲಿಂಗ್ ಅಂತ ಇಟ್ಟು, ಅದೇ ವರ್ಷ ಒಂದು ಪೆನ್ನಿಗೆ ಇಳಿಸಿದ. 1844ರಲ್ಲಿ ಕಸ್ಟಮ್ಸ್ ಸುಂಕವನ್ನೇ ತೆಗೆದ. ಪತ್ರ ಹೋಗಿ ಉತ್ತರ ಬರಲು ತಿಂಗಳುಗಟ್ಟಲೆ ಬೇಕು. ನಡುಗಡಲಿನ ಹಡಗಿನಲ್ಲಿ ಇದು ಸರಿಯಾದ ಅಭ್ಯಾಸ. ಗವರ್ನರ್ ಕುರ್ಚಿಯಲ್ಲಿ ಇದೇ ಆತನಿಗೆ ಮುಳುವಾಯಿತು ಅಂತ ನನ್ನ ಲೆಕ್ಕ.

ಪತ್ರಿಕೆ ಓದುವಾಗ ಹುಷಾರು. ಆ ಕಾಲದ ನ್ಯೂಜಿಲೆಂಡ್ ಪತ್ರಿಕೆಗಳು ‘ಪೇಪರ್ಸ್ ಪಾಸ್ಟ್’ ತಾಣದಲ್ಲಿ ಬಿಟ್ಟಿಯಾಗಿ ಸಿಗುತ್ತವೆ. ಆದರೆ ನೆಲ್ಸನ್, ವೆಲಿಂಗ್ಟನ್ ಪತ್ರಿಕೆಗಳು ವಲಸಿಗರ ಬಾಯಿ. 1843ರ ಜೂನ್‌ನಲ್ಲಿ ವೈರೌ ಕಣಿವೆಯಲ್ಲಿ ತಕರಾರಿನ ಜಮೀನು ಅಳೆಯಲು ಹೋಗಿ, ಮಾವೊರಿ ಮುಖಂಡ ತೇ ರೌಪರಾಹಾನನ್ನು ಹಿಡಿಯಲು ಬಂದೂಕು ಸಮೇತ ನುಗ್ಗಿ, 22 ವಲಸಿಗರು ಸತ್ತರು. ಫಿಟ್ಜ್‌ರಾಯ್ ವೈಕನಾಯೆಗೆ ಹೋಗಿ ವಿಚಾರಿಸಿ, ಮೊದಲ ತಪ್ಪು ವಲಸಿಗರದ್ದೇ, ಸೇಡು ತೀರಿಸಲ್ಲ ಅಂದ. ನನಗೆ ಅದು ಆತನ ಸರ್ವಿಸಿನಲ್ಲೇ ಧೈರ್ಯದ ತೀರ್ಮಾನ. ಪತ್ರಿಕೆಗಳಿಗೆ ಅದು ಹೇಡಿತನ. ಬರೀ ಅವನ್ನೇ ಓದಿ ಬರೆದರೆ ನೀವೂ ಹಾಗೇ ಬರೆಯುತ್ತೀರಿ. 1846ರಲ್ಲಿ ಆತ ತನ್ನ ಪರವಾಗಿ ಬರೆದ ಪುಟ್ಟ ಪುಸ್ತಕವನ್ನೂ ಪಕ್ಕದಲ್ಲಿಟ್ಟುಕೊಳ್ಳಿ, ಅದನ್ನೂ ಪೂರ್ತಿ ನಂಬಬೇಡಿ. ಉತ್ತರದ ಕೊರೊರಾರೆಕಾದಲ್ಲಿ ಮಾವೊರಿ ಮುಖಂಡ ಹೋನೆ ಹೆಕೆಯ ಕಡೆಯವರು ಬ್ರಿಟಿಷ್ ಧ್ವಜಸ್ತಂಭ ಕಡಿದದ್ದು ನಾಲ್ಕು ಸಲ. ಕೊನೆಯದು 1845ರ ಮಾರ್ಚ್ 11. ಊರೇ ಸುಟ್ಟುಹೋಯಿತು. ಅದೇ ನವೆಂಬರಿನಲ್ಲಿ ಜಾರ್ಜ್ ಗ್ರೇ ಬಂದು ಕುರ್ಚಿ ಹಿಡಿದ. ಫಿಟ್ಜ್‌ರಾಯ್ ಅಲ್ಲಿ ಎರಡು ವರ್ಷವೂ ಪೂರ್ತಿ ಇರಲಿಲ್ಲ.

ಹಾಳೆಯನ್ನು ಇಲ್ಲಿಗೆ ಮಡಚಬೇಡಿ. ಗವರ್ನರ್ ಆದ ಮೇಲಿನ ಸಾಲುಗಳಲ್ಲೂ ಅದೇ ಮನುಷ್ಯ ಇರುತ್ತಾನೆ. 1854ರಲ್ಲಿ ಸಿಕ್ಕ ಹವಾಮಾನದ ಕೆಲಸ ಹಡಗುಗಳ ದಾಖಲೆ ಕೂಡಿಸುವುದಷ್ಟೇ. 1859ರಲ್ಲಿ ರಾಯಲ್ ಚಾರ್ಟರ್ ಹಡಗು ಬಿರುಗಾಳಿಗೆ ಒಡೆದು ಸುಮಾರು 450 ಜನ ಸತ್ತರು. 1861ರಲ್ಲಿ ಟೆಲಿಗ್ರಾಫ್ ಸುದ್ದಿ ನಂಬಿ ಬಂದರುಗಳಲ್ಲಿ ಬಿರುಗಾಳಿಯ ಎಚ್ಚರಿಕೆಗೆ ಶಂಕು, ಡ್ರಮ್ ಆಕಾರದ ಸಿಗ್ನಲ್ ಏರಿಸಲು ಶುರು ಮಾಡಿದ. ಅದಾದ ಮೇಲೆ ಯಾರೂ ಕೇಳದಿದ್ದರೂ ನಾಳೆಯ ಹವಾಮಾನವನ್ನು ಪತ್ರಿಕೆಗೆ ಕೊಡತೊಡಗಿದ. ಮತ್ತೆ ‘ಮಾಡಿ ಹೇಳಿದ’. ಲೆಕ್ಕ ತಪ್ಪಿದಾಗೆಲ್ಲ ನಗೆಪಾಟಲು. 1865ರ ಏಪ್ರಿಲ್ 30ರಂದು ಆತ ತನ್ನ ಜೀವ ತೆಗೆದುಕೊಂಡ. ಆಸ್ತಿ ಕರಗಿಹೋಗಿತ್ತು. ಕುಟುಂಬಕ್ಕಾಗಿ ಸ್ನೇಹಿತರು ದುಡ್ಡು ಒಟ್ಟುಮಾಡಿದರು. ಅದೂ ದುಡ್ಡಿನ ಕಾಲಂಗೆ.

ಎಲ್ಲ ತುಂಬಿದ ಮೇಲೆ ಹಾಳೆಯ ಕೆಳಗೆ ಒಂದು ಸಾಲು ಉಳಿಯಿತು. ಸ್ಪೇನ್ ಆಚೆಯ ಸಮುದ್ರ ಭಾಗಕ್ಕೆ ಬ್ರಿಟಿಷ್ ಹವಾಮಾನದವರು 2002ರಲ್ಲಿ ಫಿಟ್ಜ್‌ರಾಯ್ ಅಂತ ಹೆಸರಿಟ್ಟರು. "ಮಾಮ, ಇದನ್ನ ಯಾವ ಕಾಲಂಗೆ ಹಾಕ್ಲಿ?" ಅಂದಳು. ನಾನು ಆ ನೀರು ದಾಟುತ್ತಿದ್ದ ಕಾಲದಲ್ಲಿ ರೇಡಿಯೋದಲ್ಲಿ ಇನ್ನೂ ಅದರ ಹಳೇ ಹೆಸರು ಫಿನಿಸ್ಟೆರ್ ಅಂತಲೇ ಕೇಳುತ್ತಿತ್ತು.